ಎಫ್‌ಎಂ ಕನ್ನಡ ಕಲಿತಿದೆ, ಊರನ್ನು ಇನ್ನೂ ಕಲಿಯಬೇಕಿದೆ

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಹುಟ್ಟಿದ್ದು ಬೆಂಗಳೂರಿನಲ್ಲಿ. 2001ರ ಜುಲೈ 3ರಂದು ರೇಡಿಯೋ ಸಿಟಿ ಇಲ್ಲಿಂದ ಪ್ರಸಾರ ಆರಂಭಿಸಿತು. ಕಾಲು ಶತಮಾನದ ಈ ಪಯಣದಲ್ಲಿ ಗಳಿಸಿದ್ದೇನು, ಉಳಿದದ್ದೇನು ಎಂದು ಹಿಂದಿರುಗಿ ನೋಡಬೇಕಾದ ಹೊತ್ತಿದು.

ಖಾಸಗಿ ಬಾನುಲಿ ಕನ್ನಡ ನಾಡಿಗೆ ಅಪರಿಚಿತವಾಗಿರಲಿಲ್ಲ. ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿಯೇ ತಮ್ಮ ಮನೆಯಿಂದ ಬಾನುಲಿ ನಡೆಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಮೊಳಗಿದ್ದು ಅಲ್ಲಿ. ಮುಂದೆ ಬಾನುಲಿ ಸರ್ಕಾರದ ಸೊತ್ತಾಗಿ ದಶಕಗಳು ಕಳೆದವು. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸಾರಿದ ಮೇಲೆ ಖಾಸಗಿಯವರಿಗೆ ದಾರಿ ತೆರೆಯಿತು.

ಆದರೆ ಆ ದಾರಿ ದುಬಾರಿಯಾಗಿತ್ತು. ಮೊದಲ ಹಂತದಲ್ಲಿ ಹರಾಜಿಗಿಟ್ಟ 108 ತರಂಗಾಂತರಗಳಲ್ಲಿ ಕೇಂದ್ರಗಳಾಗಿ ನಿಂತದ್ದು 21 ಮಾತ್ರ. ವರ್ಷ ವರ್ಷ ಶೇ 15ರಷ್ಟು ಏರುತ್ತಿದ್ದ ಶುಲ್ಕ ಉದ್ಯಮದ ಉಸಿರು ಕಟ್ಟಿಸಿತು. 2005ರ ನೀತಿ ಅದನ್ನು ಆದಾಯದ ಶೇ 4ರ ಪಾಲಿಗೆ ಬದಲಿಸಿತು. ಬಳಿಕ ಮಿರ್ಚಿ, ಬಿಗ್, ಇಂಡಿಗೊ, ಫೀವರ್ ಒಂದರ ಹಿಂದೊಂದು ನಗರಕ್ಕೆ ಬಂದವು.

ಆರಂಭದ ವರ್ಷಗಳಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಮೇಲುಗೈ. ಕನ್ನಡಕ್ಕೆ ಮಾರುಕಟ್ಟೆಯಿಲ್ಲ ಎಂಬ ಲೆಕ್ಕಾಚಾರವನ್ನು ಸುಳ್ಳಾಗಿಸಿದವರು ಕೇಳುಗರು. ಚಾಮರಾಜಪೇಟೆಯ ಆಟೊಗಳಲ್ಲಿ, ಗಾಂಧಿ ಬಜಾರಿನ ಅಂಗಡಿಗಳಲ್ಲಿ, ಮಲ್ಲೇಶ್ವರದ ಅಡುಗೆಮನೆಗಳಲ್ಲಿ ಅವರು ಬಯಸಿದ್ದು ತಮ್ಮ ಭಾಷೆಯನ್ನು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಆ ಬಯಕೆ ಎಷ್ಟು ದೊಡ್ಡದೆಂದು ತೋರಿಸಿದವು. ಇಂದು ಪೂರ್ತಿ ಕನ್ನಡದಲ್ಲೇ ನಡೆಯುವ ಕೇಂದ್ರಗಳಿವೆ. ಇದು ಖಾಸಗಿ ಎಫ್‌ಎಂನ ನಿಜವಾದ ಗಳಿಕೆ, ಅದರ ಬಹುಪಾಲು ಶ್ರೇಯ ಕೇಳುಗರದು.

ಊರಿನ ವಿಷಯದಲ್ಲಿ ಮಾತ್ರ ಈ ತೃಪ್ತಿಯಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ, 1939ರಲ್ಲಿ ಶ್ರೀರಾಮ ಸೇವಾ ಮಂಡಳಿ ಚಾಮರಾಜಪೇಟೆಯಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ, ಕನ್ನಡ ಸಾಹಿತ್ಯ ಪರಿಷತ್ತಿನ ಚಟುವಟಿಕೆ – ಇವಕ್ಕೆಲ್ಲ ದಿನದ ಪ್ರಸಾರದಲ್ಲಿ ದಕ್ಕುವ ಹೊತ್ತು ತೀರ ಕಡಿಮೆ. ಹಾಡು, ಹರಟೆ, ಜಾಹೀರಾತುಗಳೇ ಗಡಿಯಾರವನ್ನು ತುಂಬುತ್ತವೆ. ಶಾಸ್ತ್ರೀಯ ಸಂಗೀತ ಬೇಕಾದವರು ಆಕಾಶವಾಣಿಗೇ ಹೋಗಬೇಕು. ಸಂಚಾರ, ಹವಾಮಾನ, ನೀರು-ವಿದ್ಯುತ್ ವ್ಯತ್ಯಯ, ಸ್ಥಳೀಯ ಉತ್ಸವಗಳ ಮಾಹಿತಿಗೆ ಖಾಸಗಿ ಎಫ್‌ಎಂನ ಮೂರನೇ ಹಂತದ ನೀತಿ ಅವಕಾಶ ಕೊಟ್ಟಿದೆ. ಆದ್ದರಿಂದ ಇಲ್ಲಿ ಕಾನೂನನ್ನು ದೂರುವಂತಿಲ್ಲ.

ಸುದ್ದಿಯ ಮಾತು ಬೇರೆ. ಖಾಸಗಿ ಕೇಂದ್ರಗಳಿಗೆ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು ಮಾತ್ರ ಅನುಮತಿ ದೊರೆಯಿತು. ಪತ್ರಿಕೆಗೆ, ಟಿವಿಗೆ ಇರುವ ಹಕ್ಕು ರೇಡಿಯೋಗೆ ಇಲ್ಲದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದೆ. ಕೇಂದ್ರ ಸರ್ಕಾರ ಅದನ್ನು ಪೂರ್ಣವಾಗಿ ಒಪ್ಪಬೇಕು.

ಕೇಂದ್ರಗಳು ಅದಕ್ಕಾಗಿ ಕಾಯುತ್ತ ಕೂರಬಾರದು. ಪ್ರತಿ ಬಡಾವಣೆಯ ಕಲಾವಿದರು, ಹಿರಿಯರು, ವಿದ್ಯಾರ್ಥಿಗಳಿಗೆ ದಿನಕ್ಕೊಂದು ಗಂಟೆ ಮೀಸಲಿಡುವುದನ್ನು ಈಗಲೇ ಆರಂಭಿಸಬಹುದು. ಕನ್ನಡ ಬೇಕೆಂದು ಹಟ ಹಿಡಿದು ಗೆದ್ದ ಕೇಳುಗರೇ, ನಿಮ್ಮ ಊರೂ ಬೇಕೆಂದು ಈಗ ಕೇಳಿ.