ಹಿಂದಿನ ಗಾಜಿಗೆ ಹಗ್ಗದ ಉಪಾಯ

ತೆಂಗಿನ ಮರ ಕೊಡುವ ನೆರಳು ಅಷ್ಟಕ್ಕಷ್ಟೇ. ಆದರೂ ಅದರ ಬುಡದಲ್ಲೇ ಕಾರು ನಿಲ್ಲಿಸುವವರಿಗೆ ಕೊರತೆಯಿಲ್ಲ. ಒಂದು ರಾತ್ರಿ ಗಾಳಿ ಎದ್ದು ‘ಧಡ್’ ಎಂದು ಸದ್ದಾದರೆ, ಬೆಳಿಗ್ಗೆ ನೋಡುವಾಗ ಕಾರಿನ ಹಿಂದಿನ ಗಾಜು ಇರುವುದಿಲ್ಲ. ಹಿಂದಿನ ಸೀಟಿನ ಮೇಲೆ ಕಲ್ಲುಸಕ್ಕರೆ ಸುರಿದಂತೆ ಚೂರುಗಳ ರಾಶಿ, ಅದರ ನಡುವೆ ಏನೂ ಆಗದಂತೆ ಕುಳಿತ ಒಂದು ತೆಂಗಿನಕಾಯಿ!

ಮನೆಯಲ್ಲಿರುವುದು ಅಂಬಾಸಿಡರ್ ಆದರೆ ಚಿಂತೆ ಇಮ್ಮಡಿ. ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತದ್ದು 2014ರಲ್ಲಿ. ಗಾಜು ಹೇಗೋ ಹುಡುಕಿದರೆ ಸಿಕ್ಕೀತು. ಆದರೆ ‘ಈ ಕೆಲಸ ಗೊತ್ತಿರೋ ಹುಡುಗರೇ ಇಲ್ಲ ಸಾರ್’ ಎಂದು ಗ್ಯಾರೇಜಿನವರು ಕೈಚೆಲ್ಲುವುದುಂಟು. ಅಪ್ಪನ ಕಾಲದ ಕಾರನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಏಳುವುದು ಇಂಥ ದಿನಗಳಲ್ಲೇ. ಅಷ್ಟು ದೂರ ಹೋಗಬೇಕಾಗಿಲ್ಲ. ಇಬ್ಬರು ಜನ, ಒಂದು ಹಗ್ಗ, ಸೋಪಿನ ನೀರು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಈ ಕೆಲಸ ಮನೆಯಂಗಳದಲ್ಲೇ ಮುಗಿಯುತ್ತದೆ.

ಮುಂದಿನ ಗಾಜು ಒಡೆದರೆ ಜೇಡರ ಬಲೆಯಂತೆ ಬಿರಿದು ಅಲ್ಲೇ ನಿಲ್ಲುತ್ತದೆ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ ‘ಲ್ಯಾಮಿನೇಟೆಡ್’ ಗಾಜು ಅದು. ಹಿಂದಿನದು ಸಾಮಾನ್ಯವಾಗಿ ‘ಟಫನ್ಡ್’ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಗಾಳಿಯ ಬುಗ್ಗೆಗಳಿಂದ ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಆರುತ್ತಾ ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಆ ಬಿಗಿತವೇ ಗಾಜಿನ ಶಕ್ತಿ. ಎಲ್ಲೋ ಒಂದು ಕಡೆ ಬಿರುಕು ಒಳಕ್ಕೆ ಇಳಿದರೆ ಸಾಕು, ಕೂಡಿಟ್ಟ ಬಿಗಿತವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಇಡೀ ಗಾಜು ಪುಡಿಪುಡಿ. ಚೂರುಗಳು ಮೊಂಡಾಗಿರುವುದರಿಂದ ಚೂರಿಯಂತೆ ಇರಿಯುವುದಿಲ್ಲ.

ಈ ಗುಣದಿಂದಲೇ ಒಂದು ಕಟ್ಟುನಿಟ್ಟು ಹುಟ್ಟುತ್ತದೆ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲಾಗದು, ತೂತು ಕೊರೆಯಲಾಗದು. ಆದ್ದರಿಂದ ಆಯಾ ಮಾದರಿಯ ಗಾಜನ್ನೇ ತರಬೇಕು. ‘ಅಳತೆ ಕೊಡಿ, ಕತ್ತರಿಸಿ ಕೊಡ್ತೀವಿ’ ಎನ್ನುವ ಕಿಟಕಿ ಗಾಜಿನ ಅಂಗಡಿಯ ದಾರಿ ಹಿಡಿಯಬಾರದು. ಅಲ್ಲಿ ಸಿಗುವ ಸಾದಾ ಗಾಜು ಅಪಘಾತದಲ್ಲಿ ಒಡೆದರೆ ಹಿಂದಿನ ಸೀಟಿನ ಮಕ್ಕಳ ಕುತ್ತಿಗೆಗೇ ಕುತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಅದನ್ನು ಒಪ್ಪುವುದಿಲ್ಲ. ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕೆಂಬುದೂ ಅದೇ ನಿಯಮಗಳಲ್ಲಿದೆ. ಕೊಳ್ಳುವಾಗ ಗಾಜಿನ ಮೂಲೆಯಲ್ಲಿ ಐಎಸ್‌ಐ ಮುದ್ರೆ ಇದೆಯೇ ನೋಡಬೇಕು.

ಕೈ ಹಾಕುವ ಮುನ್ನ ವಿಮೆಯ ಕಾಗದ ತೆಗೆದು ನೋಡುವುದು ಲೇಸು. ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಗಾಜಿಗೆ ಚಿಕ್ಕಾಸೂ ಇಲ್ಲ. ಸಮಗ್ರ ವಿಮೆಯಿದ್ದರೆ ಗಾಜಿನ ಭಾಗಗಳಿಗೆ ಸವಕಳಿ ಕಳೆಯುವುದಿಲ್ಲ. ರಬ್ಬರಿಗೆ ಮಾತ್ರ ಅರ್ಧ ಕಳೆಯುತ್ತಾರೆ. ಆದರೆ ಕ್ಲೇಮು ಮಾಡಿದರೆ ಐದು ವರ್ಷ ಕೂಡಿಸಿದ ಶೇ 50ರ ‘ನೋ ಕ್ಲೇಮ್ ಬೋನಸ್’ ಕೈಬಿಡಬಹುದು. ಎರಡನ್ನೂ ತಾಳೆ ಹಾಕಿ ನೋಡಬೇಕು. ಕ್ಲೇಮು ಬೇಕೆಂದರೆ ಚೂರು ಗುಡಿಸುವ ಮೊದಲೇ ಕಂಪನಿಗೆ ತಿಳಿಸಿ, ಫೋಟೋ ತೆಗೆದಿಡಬೇಕು.

ಅಲ್ಲಿಯವರೆಗೆ ಕಾರು ಓಡಿಸುವ ಆಸೆ ಬೇಡ. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಸೈಲೆನ್ಸರಿನ ಹೊಗೆ ತೆರೆದ ಕಿಂಡಿಯಿಂದ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈಗ ಕೆಲಸ. ಮೊದಲು ಗಾಜು ಕೂತಿದ್ದ ಬಗೆ ಯಾವುದೆಂದು ನೋಡಬೇಕು. ಅಂಬಾಸಿಡರ್, ಪದ್ಮಿನಿಯಂಥ ಹಳೆಯ ಕಾರುಗಳಲ್ಲಿ ಸುತ್ತ ದಪ್ಪ ರಬ್ಬರ್ ಬೀಡಿಂಗ್ ಇರುತ್ತದೆ. ಅದರ ಒಂದು ಗಾಡಿಯಲ್ಲಿ ಗಾಜು, ಇನ್ನೊಂದರಲ್ಲಿ ಕಾರಿನ ತಗಡಿನ ಅಂಚು. ಹೊಸ ಕಾರುಗಳಲ್ಲಿ ಗಾಜಿನ ಅಂಚಿಗೆ ಕಪ್ಪು ಪಟ್ಟಿ ಇದ್ದು, ಗಾಜನ್ನು ಯುರಿಥೇನ್ ಅಂಟಿನಿಂದ ನೇರವಾಗಿ ಬಾಡಿಗೆ ಅಂಟಿಸಿರುತ್ತಾರೆ. ಮೊದಲನೆಯದು ಮನೆಯ ಕೆಲಸ; ಎರಡನೆಯದು ಬಲ್ಲವರ ಕೆಲಸ. ಪ್ರೈಮರ್, ಅಂಟಿನ ಎತ್ತರ, ಒಣಗುವ ಹೊತ್ತು ಯಾವುದು ತಪ್ಪಿದರೂ ಗಾಜು ಕಳಚಿಕೊಳ್ಳಬಹುದು. ಅಂಗಡಿಯ ಸಾದಾ ಸಿಲಿಕೋನ್ ಅದಕ್ಕೆ ಬದಲಿಯಲ್ಲ.

ಬೀಡಿಂಗ್ ಇದ್ದರೆ ದಪ್ಪ ಕೈಗವಸು ಮತ್ತು ಕನ್ನಡಕ ಹಾಕಿ ಚೂರುಗಳನ್ನೆಲ್ಲ ತೆಗೆಯಬೇಕು. ಸೀಟಿನ ಸಂದಿ, ಡಿಕ್ಕಿಯ ಮೂಲೆ, ರಬ್ಬರಿನ ಗಾಡಿ ಯಾವುದನ್ನೂ ಬಿಡಬಾರದು. ಗಾಡಿಯಲ್ಲಿ ಉಳಿದ ಒಂದೇ ಹರಳು ಹೊಸ ಗಾಜನ್ನೂ ಒಡೆದೀತು. ಹಳೆಯ ರಬ್ಬರ್ ಬಗ್ಗಿಸಿದರೆ ಬಿರುಕು ಬಿಡುತ್ತದೆಯೇ? ಹಾಗಾದರೆ ಹೊಸದೇ ಬೇಕು.

ರಬ್ಬರ್ ಕಳಚಿದಾಗ ಅದರಡಿ ತಗಡಿನ ಅಂಚು ಕಾಣುತ್ತದೆ. ವರ್ಷಗಟ್ಟಲೆ ನೀರು ನಿಂತು ಅಲ್ಲಿ ತುಕ್ಕು ಹಿಡಿದಿರುವುದೇ ಹೆಚ್ಚು. ಎಮರಿ ಕಾಗದದಲ್ಲಿ ತಿಕ್ಕಿ, ಪ್ರೈಮರ್ ಬಳಿದು, ಬಣ್ಣ ಹಚ್ಚಿ, ಪೂರ್ತಿ ಒಣಗಲು ಬಿಡಬೇಕು. ಅವಸರದವರು ಬಿಟ್ಟುಬಿಡುವ ಕೆಲಸವಿದು. ಮರುವರ್ಷ ಡಿಕ್ಕಿಯಲ್ಲಿ ನೀರು ನಿಲ್ಲುವುದೂ ಅವರ ಕಾರಿನಲ್ಲೇ.

ಹೊಸ ಗಾಜನ್ನು ಕಂಬಳಿ ಹಾಸಿದ ಮಂಚದ ಮೇಲೆ ಮಲಗಿಸಿ, ಸುತ್ತ ರಬ್ಬರ್ ತೊಡಿಸಬೇಕು. ರಬ್ಬರಿನ ಜೋಡಣೆ ಕೆಳಗಿನ ಅಂಚಿನ ನಡುಮಧ್ಯೆ ಬರಲಿ. ಟಫನ್ಡ್ ಗಾಜು ಮೈಗೆ ಬಿದ್ದ ಏಟು ತಾಳುತ್ತದೆ, ಅಂಚಿಗೆ ಬಿದ್ದದ್ದನ್ನು ತಾಳುವುದಿಲ್ಲ. ಅದನ್ನು ಬರೀ ನೆಲದ ಮೇಲೆ ನಿಲ್ಲಿಸಬಾರದು. ಈಗ ನಾಲ್ಕೈದು ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ಹಗ್ಗವನ್ನು ಹೊರಗಿನ ಗಾಡಿಯೊಳಗೆ ಸುತ್ತಲೂ ಕೂರಿಸಬೇಕು, ಪೈಜಾಮಕ್ಕೆ ಲಾಡಿ ಪೋಣಿಸಿದಂತೆ. ಎರಡು ತುದಿಗಳೂ ಕೆಳಗೆ ನಡುವಿನಲ್ಲಿ ಒಂದು ಗೇಣು ಒಂದರ ಮೇಲೊಂದು ಹಾಯ್ದು ಕಾರಿನ ಒಳಕ್ಕೆ ಇಳಿಬೀಳಬೇಕು. ಗಾಡಿಗೂ ತಗಡಿಗೂ ಸೋಪಿನ ನೀರು ಬಳಿಯಬೇಕು. ಎಣ್ಣೆ, ಗ್ರೀಸು ಬೇಡ. ಅವು ರಬ್ಬರನ್ನು ಕೆಡಿಸುತ್ತವೆ.

ಒಬ್ಬರು ಹೊರಗಿನಿಂದ ಗಾಜನ್ನು ಕಿಂಡಿಗೆ ಸರಿಯಾಗಿ ಹೊಂದಿಸಿ ಅಂಗೈಯಿಂದ ಒತ್ತುತ್ತಾರೆ. ಇನ್ನೊಬ್ಬರು ಒಳಗೆ ಕುಳಿತು ಹಗ್ಗದ ತುದಿಯನ್ನು ಗಾಜಿನ ನಡುಭಾಗದ ಕಡೆಗೆ ಎಳೆಯುತ್ತಾ ಹೋಗುತ್ತಾರೆ. ಹಗ್ಗ ಕಳಚಿ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಒಳಗೆ ಮಗುಚಿಕೊಳ್ಳುತ್ತದೆ. ಎಳೆದ ಜಾಗದಲ್ಲೇ ಹೊರಗಿನವರ ಕೈ ಒತ್ತುತ್ತಿರಬೇಕು.

‘ಅಪ್ಪಾ, ಮೂಲೇಲಿ ಸಿಕ್ಕಿಕೊಂಡಿದೆ.’

‘ಜಗ್ಗಬೇಡ ಪುಟ್ಟಾ, ತಡಿ. ಇನ್ನೊಂಚೂರು ಸೋಪು ನೀರು ಹಾಕ್ತೀನಿ.’

ಇಷ್ಟೇ ಇದರ ಗುಟ್ಟು. ಬಲ ಹಾಕಿದಲ್ಲಿ ಗಾಜು ಒಡೆಯುತ್ತದೆ, ಕಾದಲ್ಲಿ ಕೂರುತ್ತದೆ. ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ.

ಕೂತ ಮೇಲೆ ರಬ್ಬರಿಗೂ ಗಾಜಿಗೂ, ರಬ್ಬರಿಗೂ ತಗಡಿಗೂ ನಡುವೆ ಗಟ್ಟಿಯಾಗದ ಬಗೆಯ ಸೀಲೆಂಟ್ ತುಂಬಬೇಕು. ಕೊನೆಗೆ ನೀರಿನ ಪರೀಕ್ಷೆ. ಪೈಪಿನಿಂದ ಸಣ್ಣಗೆ ನೀರು ಬಿಡುತ್ತಾ ಕೆಳಗಿನಿಂದ ಮೇಲಕ್ಕೆ ಬರಬೇಕು. ಮೇಲಿನಿಂದ ಸುರಿದರೆ ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು. ಗಾಜಿನಲ್ಲಿ ಮಂಜು ಕರಗಿಸುವ ಬಿಸಿ ಗೆರೆಗಳಿದ್ದರೆ ತಂತಿ ಸೇರಿಸಿ ಪರೀಕ್ಷಿಸಬೇಕು, ಬ್ಲೇಡಿನಿಂದ ಮಾತ್ರ ಎಂದೂ ಕೆರೆಯಬಾರದು.

ಒಂದು ಭಾನುವಾರ ಇದಕ್ಕೇ ಮೀಸಲಾಗುತ್ತದೆ ನಿಜ. ಆದರೆ ಸಂಜೆಯ ಹೊತ್ತಿಗೆ ಗುಜರಿಯ ಮಾತು ನಿಂತಿರುತ್ತದೆ. ಒಳಗೆ ಕುಳಿತು ಹಗ್ಗ ಎಳೆದ ಮಗಳಿಗೆ, ಗ್ಯಾರೇಜಿನ ಹುಡುಗರು ಮರೆಯುತ್ತಿರುವ ಒಂದು ಕೆಲಸ ಕೈಗೆ ಬಂದಿರುತ್ತದೆ. ಇನ್ನು ಉಳಿದದ್ದು ಒಂದೇ. ಕಾರನ್ನು ತೆಂಗಿನ ಮರದಿಂದ ನಾಲ್ಕು ಮಾರು ಆಚೆ ನಿಲ್ಲಿಸುವುದು.