ಪಟ್ಟ ಯಾರದ್ದು, ಬೀಗದ ಕೈ ಯಾರ ಹತ್ರ?

1/3

ಕನ್ನಡದಲ್ಲಿ ಅಥಾರಿಟಿಗೂ ‘ಅಧಿಕಾರ’ ಅಂತೀವಿ, ಪವರ್‌ಗೂ ‘ಅಧಿಕಾರ’ ಅಂತೀವಿ. ಅರ್ಧ ಗೊಂದಲ ಅಲ್ಲೇ ಶುರು.

ಬಿಕಾಂ ಗ್ಯಾಂಗ್‌ಗೆ ನೆನಪಿರಬೇಕು: ಹೆನ್ರಿ ಫೇಯಾಲ್‌ನ 14 ತತ್ವಗಳಲ್ಲಿ ಅಥಾರಿಟಿ ಒಂಟಿಯಾಗಿ ಬರಲ್ಲ, ಪಕ್ಕದಲ್ಲೇ ಜವಾಬ್ದಾರಿ ಇರುತ್ತೆ. ಪರೀಕ್ಷೆಗೆ ಬರೆದು ಅಲ್ಲಿಗೇ ಮರೆತುಬಿಡ್ತೀವಿ. ಆದ್ರೆ ಚರ್ಚ್ ವಿಷಯದಲ್ಲಿ ಇದೇ ಮುಖ್ಯ ಅನ್ನೋದು ನನ್ನ ಅಭಿಪ್ರಾಯ.

ನನ್ನ ಲೆಕ್ಕ ಸಿಂಪಲ್. ಅಥಾರಿಟಿ ಅಂದ್ರೆ ಯಾರೋ ನಂಬಿ ಒಪ್ಪಿಸಿದ ಹೊಣೆ. ಒಪ್ಪಿಸಿದವರು ಕೇಳಿದಾಗ ಲೆಕ್ಕ ಕೊಡಬೇಕು. ಪವರ್ ಅಂದ್ರೆ ಅಂದುಕೊಂಡಿದ್ದನ್ನ ಮಾಡಿಸೋ ತಾಕತ್ತು: ಚೆಕ್ ಮೇಲೆ ಸಹಿ, ವರ್ಗಾವಣೆ ಪತ್ರ, ಹಾಲ್‌ನ ಬೀಗದ ಕೈ.

ಎರಡೂ ಒಬ್ಬರ ಹತ್ರಾನೇ ಇರಬೇಕು ಅಂತೇನಿಲ್ಲ. ಹೊಸದಾಗಿ ಬಂದ ಸಭಾಪಾಲಕರಿಗೆ ನೇಮಕಾತಿ ಪತ್ರ ಇರುತ್ತೆ, ಆದ್ರೆ 20 ವರ್ಷದಿಂದ ಕಮಿಟೀಲಿ ಕೂತಿರೋ ದೊಡ್ಡ ಮನೆಯವರು ತಲೆ ಆಡಿಸದೆ ಒಂದು ಫ್ಯಾನ್ ಕೂಡ ರಿಪೇರಿ ಆಗಲ್ಲ. ಪತ್ರ ಇವರದ್ದು, ಪವರ್ ಅವರದ್ದು. ಇನ್ನೊಂದು ಕಡೆ, ಸಂಡೇ ಸ್ಕೂಲ್ ನಡೆಸೋ ಅಜ್ಜಿ ಹತ್ರ ಇವೆರಡೂ ಇಲ್ಲ. ಆದ್ರೂ ಅವರು ಎದ್ದು ನಿಂತ್ರೆ ಎಲ್ಲರೂ ಸುಮ್ಮನಾಗ್ತಾರೆ.

2/3

ದೂರ ಹೋಗೋದು ಬೇಡ, ಮೈಸೂರಿಗೆ ಬನ್ನಿ.

2019ರಲ್ಲಿ ಮೈಸೂರು ಕ್ಯಾಥೋಲಿಕ್ ಧರ್ಮಪ್ರಾಂತದ 37 ಗುರುಗಳು ತಮ್ಮ ಬಿಷಪ್ ಕೆ.ಎ. ವಿಲಿಯಂ ಅವರ ಮೇಲೆ ಗಂಭೀರ ಆರೋಪ ಮಾಡಿ ಪೋಪ್ ಫ್ರಾನ್ಸಿಸ್‌ಗೆ ಪತ್ರ ಬರೆದ್ರು. ಬಿಷಪ್ ಆರೋಪಗಳನ್ನ ಅಲ್ಲಗಳೆದ್ರು. ಯಾರು ಸರಿ ಅಂತ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ನಾನು ನೋಡ್ತಿರೋದು ಆಮೇಲೆ ಆಗಿದ್ದನ್ನ.

2023ರ ಜನವರಿಯಲ್ಲಿ ವ್ಯಾಟಿಕನ್ ಅವರನ್ನ ಆಡಳಿತದಿಂದ ದೂರ ಇಟ್ಟು, ಬೆಂಗಳೂರಿನ ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಅವರನ್ನ ಆಡಳಿತಾಧಿಕಾರಿಯಾಗಿ ನೇಮಿಸಿತು. ಬಿಷಪ್ ಪಟ್ಟ ಇದ್ದಿದ್ದು ಒಬ್ಬರಿಗೆ, ಧರ್ಮಪ್ರಾಂತ ನಡೆಸಿದ್ದು ಇನ್ನೊಬ್ಬರು. ಮೊದಲನೆಯವರ ರಾಜೀನಾಮೆ ಅಂಗೀಕಾರ ಆಗಿದ್ದು 2025ರಲ್ಲಿ. ಎರಡು ವರ್ಷ ಪಟ್ಟ ಬೇರೆ, ಬೀಗದ ಕೈ ಬೇರೆ!

ಒಪ್ಪಿಸಿದ್ದನ್ನ ವಾಪಸ್ ತಗೋಬಹುದು ಅಂತ ಇದರಿಂದ ಗೊತ್ತಾಗುತ್ತೆ, ಸರಿ. ಆದ್ರೆ ಪತ್ರ 2019, ಕ್ರಮ 2023. ಯಾಕಿಷ್ಟು ತಡ? ನನಗೆ ಕಾಣೋ ಒಂದು ಕಾರಣ: ಕ್ಯಾಥೋಲಿಕ್ ವ್ಯವಸ್ಥೇಲಿ ಬಿಷಪ್ ಉತ್ತರ ಕೊಡಬೇಕಾಗಿರೋದು ಮೇಲಕ್ಕೆ, ರೋಮ್‌ಗೆ. ಕೆಳಗಿನಿಂದ ಕೇಳೋರು ಪತ್ರ ಬರೆದು ಕಾಯಬೇಕು ಅಷ್ಟೆ.

‘ಹಾಗಾದ್ರೆ ಎಲೆಕ್ಷನ್ ಇಟ್ರೆ ಸರಿಹೋಗುತ್ತೆ’ ಅಂತೀರಾ? ಸಿಎಸ್‌ಐನಲ್ಲಿ ಇದೆಯಲ್ಲ. 27 ಸೆಪ್ಟೆಂಬರ್ 1947ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಸೇರಿ ಸಿಎಸ್‌ಐ ಆಯ್ತು. ಬಿಷಪ್ ಇರಲಿ, ಆದ್ರೆ ಸಂವಿಧಾನದ ಒಳಗೆ ಇರಲಿ, ಕೌನ್ಸಿಲ್‌ಗಳೂ ಇರಲಿ ಅನ್ನೋದು ಒಪ್ಪಂದ. ಒಳ್ಳೆ ಯೋಚನೆ. ಆದ್ರೂ 2023ರ ಸಿನೋಡ್ ಚುನಾವಣೆ ಜಗಳ ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿತು. ಓಟು ಪವರ್ ಕೊಡುತ್ತೆ. ಗೆದ್ದಮೇಲೆ ಲೆಕ್ಕ ಕೊಡೋ ಅಭ್ಯಾಸ ಓಟಿನ ಜೊತೆ ಫ್ರೀಯಾಗಿ ಬರಲ್ಲ.

3/3

ನನಗೆ ಗೊತ್ತಿರೋ ಒಂದು ಸಭೆಯಲ್ಲಿ ನಮ್ಮ ವಯಸ್ಸಿನ ಹುಡುಗಿ ಒಬ್ಬಳು ವಾರ್ಷಿಕ ಸಭೇಲಿ ಕೈ ಎತ್ತಿ, ‘ಅಂಕಲ್, ಕಟ್ಟಡ ನಿಧಿ ಆಡಿಟ್ ರಿಪೋರ್ಟ್ ನೋಡಬಹುದಾ?’ ಅಂತ ಕೇಳಿದ್ಲು. ಬಂದ ಉತ್ತರ: ‘ದೇವರ ಸೇವಕರನ್ನ ಪ್ರಶ್ನೆ ಮಾಡಬಾರದಮ್ಮ.’ ಮುಂದಿನ ತಿಂಗಳು ಅವಳ ಹೆಸರು ಕ್ವಾಯರ್ ಲಿಸ್ಟ್‌ನಲ್ಲಿ ಇರಲಿಲ್ಲ. ಅವಳು ಈಗ ಯಾವ ಚರ್ಚ್‌ಗೂ ಹೋಗಲ್ಲ.

ನನ್ನ ಸಿಟ್ಟು ಇದರ ಮೇಲೆ. ಪ್ರಶ್ನೆ ಕೇಳಿದವರ ನಂಬಿಕೆಯನ್ನೇ ಅನುಮಾನಿಸಿದ್ರೆ, ಅಲ್ಲಿ ಅಥಾರಿಟಿ ಮುಗೀತು, ಉಳಿದಿದ್ದು ಬರೀ ಪವರ್.

ಲೆಕ್ಕ ಕೇಳೋದು ಧರ್ಮವಿರೋಧಿ ಅಲ್ಲ ಕಣ್ರೋ. ಕ್ಯಾಥೋಲಿಕ್ ಸಭೆಯ 1983ರ ಕ್ಯಾನನ್ ಕಾನೂನೇ ನೋಡಿ. 537ನೇ ನಿಯಮದ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು. 1287ನೇ ನಿಯಮದ ಪ್ರಕಾರ ಭಕ್ತರು ಕೊಟ್ಟಿದ್ದರ ಲೆಕ್ಕ ಭಕ್ತರಿಗೆ ಕೊಡಬೇಕು. ಇದು ನಾನು ಕಾಮರ್ಸ್ ಕ್ಲಾಸಿಂದ ಹೊತ್ತು ತಂದಿದ್ದಲ್ಲ, ಅವರದ್ದೇ ಪುಸ್ತಕ.

ಯೇಸು ಶಿಷ್ಯರ ಕಾಲು ತೊಳೆದ ಕಥೆ ಎಲ್ಲರಿಗೂ ಗೊತ್ತು. ನಾವು ಗಮನಿಸದ ವಿಷಯ ಒಂದಿದೆ. ‘ನಾನು ಗುರು ಅಲ್ಲ’ ಅಂತ ಅವರು ಎಲ್ಲೂ ಹೇಳ್ಲಿಲ್ಲ. ಗುರು ಅನ್ನೋದನ್ನ ಒಪ್ಪಿಕೊಂಡೇ ಟವೆಲ್ ಹಿಡಿದ್ರು. ಅಥಾರಿಟಿ ಬಿಡಲಿಲ್ಲ, ಪವರ್ ತೋರಿಸಲಿಲ್ಲ. ವ್ಯತ್ಯಾಸ ಅಂದ್ರೆ ಇದೇ.

ಒಂದು ಮಾತು ಪಾಸ್ಟರ್‌ಗಳ ಪರವಾಗೂ ಹೇಳ್ಬೇಕು. ಸತ್ಯ ಹೇಳಿದ ತಕ್ಷಣ ಟ್ರಾನ್ಸ್‌ಫರ್ ಆಗೋದಾದ್ರೆ ಯಾರು ಸತ್ಯ ಹೇಳ್ತಾರೆ? ಜವಾಬ್ದಾರಿ ಕೊಟ್ಟು ಕೈ ಕಟ್ಟಿಹಾಕೋದೂ ಅನ್ಯಾಯವೇ. ನಿಯಮ ಬೇಕಾಗಿರೋದು ಅವರನ್ನ ಹಿಡಿಯೋಕೆ ಮಾತ್ರ ಅಲ್ಲ, ಕಾಪಾಡೋಕೂ ಬೇಕು.

ಮಠ ಇರಲಿ, ಮಸೀದಿ ಇರಲಿ, ಕಾಲೇಜ್ ಯೂನಿಯನ್ ಇರಲಿ, ನಾನು ಕೇಳೋ ಪ್ರಶ್ನೆ ಮೂರೇ:

▪️ ಈ ಜವಾಬ್ದಾರಿ ನಿಮಗೆ ಒಪ್ಪಿಸಿದ್ದು ಯಾರು?
▪️ ವರ್ಷಕ್ಕೊಮ್ಮೆ ಲೆಕ್ಕ ಯಾರ ಮುಂದೆ ಇಡ್ತೀರ?
▪️ ‘ಇಲ್ಲ’ ಅಂದವರಿಗೆ ನಾಳೆನೂ ಅಲ್ಲಿ ಜಾಗ ಇರುತ್ತಾ?

ಮೂರನೇದಕ್ಕೆ ಉತ್ತರ ತಡವರಿಸಿದ್ರೆ ಹುಷಾರು.

ನಿಮ್ಮಲ್ಲಿ ಹೇಗಿದೆ? ಕೆಳಗೆ ಬರೀರಿ. ಜನರ ಹೆಸರು ಬೇಡ, ವಿಷಯ ಸಾಕು.

#ಚಾಮರಾಜಪೇಟೆ #ಅಧಿಕಾರ #ಲೆಕ್ಕಕೊಡಿ #ಕನ್ನಡ