ಮರಗೆಲಸ: ತಯಾರಿಕೆಯೋ, ಕಾಮಗಾರಿಯೋ?

ಮರಗೆಲಸದ ಉದ್ದಿಮೆಯ ಸ್ವರೂಪ ಇತ್ತೀಚಿನ ದಶಕಗಳಲ್ಲಿ ಗಣನೀಯವಾಗಿ ಬದಲಾಗಿದೆ. ಹಿಂದೆ ಬಡಗಿಯ ಶೆಡ್ಡಿನಲ್ಲಿ ಸಿದ್ಧವಾದ ಮಂಚ, ಮೇಜು, ಬೀರುಗಳು ಗ್ರಾಹಕರ ಮನೆಗೆ ಸಾಗುತ್ತಿದ್ದವು. ಇಂದು ಪ್ಲೈವುಡ್, ಲ್ಯಾಮಿನೇಟ್ ಹಾಳೆ ಹಾಗೂ ಯಂತ್ರಗರಗಸಗಳೊಡನೆ ಬಡಗಿಯೇ ಗ್ರಾಹಕರ ಮನೆ, ಅಂಗಡಿಗಳಿಗೆ ತೆರಳಿ, ಅಳತೆಗೆ ತಕ್ಕಂತೆ ಅಲ್ಲಿಯೇ ನಿರ್ಮಿಸಿಕೊಡುವುದು ರೂಢಿಯಾಗಿದೆ. ಆದರೆ ಇಂತಹ ಉದ್ದಿಮೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಪ್ರಶ್ನೆಗೆ ಇಂದಿಗೂ ನೇರ ಉತ್ತರ ದೊರೆಯುತ್ತಿಲ್ಲ.

2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವನ್ನು ಪರಿಶೀಲಿಸಿದರೆ ಗೊಂದಲದ ಮೂಲ ಗೋಚರಿಸುತ್ತದೆ. ಕಟ್ಟಡಗಳಿಗೆ ಬೇಕಾದ ಬಾಗಿಲು, ಕಿಟಕಿ, ಚೌಕಟ್ಟುಗಳ ತಯಾರಿಕೆ 1622ರಲ್ಲಿದೆ. ಪೀಠೋಪಕರಣ ತಯಾರಿಕೆ 3100ರಲ್ಲಿದೆ. ಅವುಗಳನ್ನೇ ಕಟ್ಟಡದಲ್ಲಿ ಜೋಡಿಸುವ ಕಾರ್ಯ ನಿರ್ಮಾಣ ವಿಭಾಗದ 4330ಕ್ಕೆ ಸೇರುತ್ತದೆ. ಪೀಠೋಪಕರಣಗಳ ದುರಸ್ತಿ 9524ಕ್ಕೆ. ಮೊದಲೆರಡು ತಯಾರಿಕೆ, ಮೂರನೆಯದು ನಿರ್ಮಾಣ, ನಾಲ್ಕನೆಯದು ಸೇವೆ. ಈ ನಾಲ್ಕನ್ನೂ ಒಂದೇ ತಿಂಗಳಿನಲ್ಲಿ ನಿರ್ವಹಿಸುವ ಉದ್ದಿಮೆದಾರರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಇದು ಕೇವಲ ಅಂಕಿಗಳ ಪ್ರಶ್ನೆಯಲ್ಲ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಸ್ಥಿರಾಸ್ತಿಗೆ ಸಂಬಂಧಿಸಿದ ಕಾಮಗಾರಿ ಗುತ್ತಿಗೆಯನ್ನು ಸೇವೆಯೆಂದೇ ಪರಿಗಣಿಸಲಾಗುತ್ತದೆ. ಕರ್ನಾಟಕದಲ್ಲಿ ಸರಕನ್ನು ಮಾತ್ರ ಪೂರೈಸುವವರಿಗೆ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ. ಸೇವೆ ಒದಗಿಸುವವರಿಗೆ 20 ಲಕ್ಷ. ರಾಜಿ ತೆರಿಗೆ ಪದ್ಧತಿಯಲ್ಲಿ ತಯಾರಕರು ವಹಿವಾಟಿನ ಶೇ. 1ರಷ್ಟು ತೆತ್ತರೆ, ಸೇವಾದಾರರು ಶೇ. 6ರಷ್ಟು ತೆರಬೇಕು, ಅವರಿಗೆ ಆ ಅವಕಾಶವೂ 50 ಲಕ್ಷದ ವಹಿವಾಟಿಗೆ ಸೀಮಿತ. ಹೀಗಾಗಿ ಶೆಡ್ಡಿನಲ್ಲಿ ಮಾಡಿ ಸಾಗಿಸಿದ ಬೀರುವಿಗೊಂದು ನ್ಯಾಯ, ಅದೇ ಕೈಗಳು ಗೋಡೆಗೆ ಹೊಂದಿಸಿ ಕಟ್ಟಿದ ಬೀರುವಿಗೆ ಮತ್ತೊಂದು ನ್ಯಾಯ ಎಂಬಂತಾಗಿದೆ.

ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಿವಾದ ಹೊಸದೇನೂ ಅಲ್ಲ. ಕೇಂದ್ರ ಅಬಕಾರಿ ಸುಂಕದ ಕಾಲದಲ್ಲಿ, ಬೆಂಗಳೂರಿನಿಂದ ಬಂದ ಪ್ರಕರಣವೊಂದರಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪೀಠೋಪಕರಣವೆಂದರೆ ಸಾಮಾನ್ಯವಾಗಿ ಮೇಜು, ಕುರ್ಚಿಗಳಂತಹ ಚರವಸ್ತುಗಳೆಂದು ಅಭಿಪ್ರಾಯಪಟ್ಟಿತು. ಹಾನಿಯಿಲ್ಲದೆ ಕಳಚಿ ಬೇರೆಡೆ ಸ್ಥಾಪಿಸಲು ಸಾಧ್ಯವೇ ಎಂಬ ಪರೀಕ್ಷೆ ತೆರಿಗೆ ವಿವಾದಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಕೆಲಸ ಮುಗಿದು, ಬಿಲ್ಲು ಪಾವತಿಯಾಗಿ, ನೋಟೀಸು ಬಂದ ನಂತರ.

ಇದರ ಬಿಸಿ ವರ್ತಕರಿಗೂ ತಟ್ಟದಿರದು. ಅಂಗಡಿಗೆ ತಂದಿರಿಸಿದ ಚರ ಕೌಂಟರು, ರ‍್ಯಾಕುಗಳ ಮೇಲಿನ ಹೂಡುವಳಿ ತೆರಿಗೆಯನ್ನು ನೋಂದಾಯಿತ ವರ್ತಕರು ಜಮೆ ಪಡೆಯಬಹುದು. ಅದೇ ಕೆಲಸ ಕಟ್ಟಡದ ಕಾಮಗಾರಿಯೆಂದು ಪರಿಗಣಿತವಾಗಿ, ಅದರ ವೆಚ್ಚ ಕಟ್ಟಡದ ಬಂಡವಾಳಕ್ಕೆ ಸೇರಿದರೆ ಜಮೆ ದೊರೆಯದು. ಬಡಗಿಯ ಬಿಲ್ಲಿನಲ್ಲಿ ಬರೆದ ಒಂದು ಸಾಲು ವರ್ತಕರ ಲೆಕ್ಕಪುಸ್ತಕವನ್ನೂ ಕಾಡುತ್ತದೆ.

ಈ ಪರಿಸ್ಥಿತಿಯಲ್ಲಿ ಉದ್ದಿಮೆದಾರರು ಮೂರು ಎಚ್ಚರಿಕೆಗಳನ್ನು ವಹಿಸುವುದು ಹಿತಕರ. ಮೊದಲನೆಯದಾಗಿ, ಉದ್ಯಮ್ ನೋಂದಣಿಯಲ್ಲಿ ಒಂದಕ್ಕಿಂತ ಹೆಚ್ಚು ಸಂಕೇತಗಳಿಗೆ ಅವಕಾಶವಿರುವುದರಿಂದ ತಯಾರಿಕೆ, ಜೋಡಣೆ, ದುರಸ್ತಿಗಳಲ್ಲಿ ವಾಸ್ತವವಾಗಿ ನಡೆಸುವ ಎಲ್ಲವನ್ನೂ ನಮೂದಿಸತಕ್ಕದ್ದು. ಎರಡನೆಯದಾಗಿ, ಸಾಮಗ್ರಿ ಯಾರದು, ಎಲ್ಲಿ ತಯಾರಾಗುತ್ತದೆ, ಗೋಡೆಗೆ ಶಾಶ್ವತವಾಗಿ ಸೇರುತ್ತದೆಯೇ ಎಂಬುದನ್ನು ಅಂದಾಜು ಪಟ್ಟಿಯಲ್ಲಿಯೇ ಬರೆದಿಡಬೇಕು. ಗ್ರಾಹಕರೇ ಪ್ಲೈವುಡ್ ಕೊಡಿಸಿ ಮಜೂರಿ ಮಾತ್ರ ನೀಡಿದಲ್ಲಿ ಅದು ಸೇವೆಯೇ ಸರಿ. ಮೂರನೆಯದಾಗಿ, ತೆರಿಗೆ ಉಳಿಸಲೆಂದು ಒಂದೇ ಗುತ್ತಿಗೆಯನ್ನು ಕೃತಕವಾಗಿ ಎರಡು ಬಿಲ್ಲುಗಳಾಗಿ ಒಡೆಯಬಾರದು. ಪರಿಶೀಲನೆಯಲ್ಲಿ ಅದು ನಿಲ್ಲಲಾರದು.

ಆದರೆ ಎಚ್ಚರಿಕೆಯ ಭಾರವನ್ನೆಲ್ಲ ಉದ್ದಿಮೆದಾರರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನಾಲ್ಕೈದು ಕೆಲಸಗಾರರೊಡನೆ ದುಡಿಯುವ ಬಡಗಿಗೆ ಪ್ರತಿ ಕೆಲಸಕ್ಕೂ ತೆರಿಗೆ ಸಲಹೆಗಾರರನ್ನು ಕಾಣುವ ಶಕ್ತಿಯಿಲ್ಲ. ವಾರ್ಡ್‌ರೋಬ್, ಅಡುಗೆಮನೆಯ ಕಪಾಟು, ಅಂಗಡಿಯ ಕೌಂಟರುಗಳಂತಹ ಸಾಮಾನ್ಯ ಕೆಲಸಗಳು ಯಾವ ಸಂದರ್ಭದಲ್ಲಿ ಸರಕು, ಯಾವಾಗ ಕಾಮಗಾರಿ ಎಂಬುದನ್ನು ಉದಾಹರಣೆಗಳ ಸಹಿತ ತಿಳಿಸುವ ಸ್ಪಷ್ಟ ಸುತ್ತೋಲೆ ಅತ್ಯಗತ್ಯ. ಸ್ಥಳದಲ್ಲಿಯೇ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ರಾಜಿ ತೆರಿಗೆಯಲ್ಲಿ ತಯಾರಕರ ಸಮಾನ ಸ್ಥಾನ ನೀಡುವುದೂ ಪರಿಶೀಲನಾರ್ಹ. ವಾಣಿಜ್ಯ ಸಂಸ್ಥೆಗಳು ಬಜೆಟ್ ಪೂರ್ವ ಮನವಿಗಳಲ್ಲಿ ಈ ಬೇಡಿಕೆಗಳಿಗೆ ಸ್ಥಾನ ಕಲ್ಪಿಸಬೇಕು. ಕೆಲಸ ನಡೆದ ಸ್ಥಳ ಬದಲಾದ ಮಾತ್ರಕ್ಕೆ ಕಸುಬು ಬದಲಾಗುವುದಿಲ್ಲ. ಕಾನೂನು ಈ ಸರಳ ಸತ್ಯವನ್ನು ಮನಗಾಣಲಿ.